ಪದ ಪರಿಚಯ: ಹಾರ್ಮೋನು

ಉದ್ರೇಕಿಸು, ಚಲನೆಗೆ ತೊಡಗಿಸು ಎಂಬರ್ಥದ ಗ್ರೀಕ್ ಧಾತುವಿನಿಂದ ಹುಟ್ಟಿದ ಈ ಪದವನ್ನು 1905ರಲ್ಲಿ ಲಂಡನ್ನಿನ ತಮ್ಮ ಉಪನ್ಯಾಸವೊಂದರಲ್ಲಿ ಬಳಕೆಗೆ ತಂದವರು ಶರೀರಶಾಸ್ತ್ರಜ್ಞರಾದ ಅರ್ನೆಸ್ಟ್ ಸ್ಟಾರ್ಲಿಂಗ್. ಹೆಸರಿಗಿಂತ ವಸ್ತುವೇ ಮೊದಲು ದೊರೆತಿತ್ತು. 1902ರಲ್ಲಿ ಅವರೂ ವಿಲಿಯಂ ಬೇಲಿಸ್ಸರೂ ನಾಯಿಯೊಂದರ ಸಣ್ಣಕರುಳಿನ ಭಾಗವೊಂದಕ್ಕೆ ಸೇರುವ ನರಗಳನ್ನು ಕತ್ತರಿಸಿ, ಅದರೊಳಕ್ಕೆ ಆಮ್ಲವನ್ನು ಬಿಟ್ಟಾಗಲೂ ಮೇದೋಜೀರಕ ಗ್ರಂಥಿಯು ರಸವನ್ನು ಸ್ರವಿಸಿದುದನ್ನು ಕಂಡು, ಆ ಕರುಳಿನ ಒಳಪೊರೆಯನ್ನು ಕೆರೆದು, ಆಮ್ಲದೊಡನೆ ಅರೆದು, ಸೋಸಿ, ರಕ್ತನಾಳಕ್ಕೆ ಸೇರಿಸಿದರು. ಗ್ರಂಥಿಯು ಮತ್ತೆ ಸ್ರವಿಸಿತು. ಸುದ್ದಿಯನ್ನು ಒಯ್ದುದು ನರವಲ್ಲ, ರಕ್ತ.

ಆದರೆ ಉದ್ರೇಕವು ನಡೆಯುವ ಬಗೆ ಬಹುಕಾಲ ನಿಗೂಢವಾಗಿಯೇ ಇತ್ತು. ಉದಾಹರಣೆಗೆ, ಅಡ್ರಿನಲಿನ್ ಎಂಬ ಹಾರ್ಮೋನು ಯಕೃತ್ತಿನ ಜೀವಕೋಶದೊಳಗೆ ಕಾಲಿಡುವುದೇ ಇಲ್ಲ. ಹೊಸ್ತಿಲಲ್ಲೇ ನಿಂತು ಒಳಕ್ಕೆ ಹೇಳಿಕಳುಹಿಸುವ ನೆಂಟನಂತೆ ಅದು ಹೊರಪೊರೆಯ ಗ್ರಾಹಕ ಪ್ರೋಟೀನನ್ನು ಮುಟ್ಟಲು, ಅದರಿಂದ ಜಾಗೃತವಾದ ಜಿ-ಪ್ರೋಟೀನು ಕಿಣ್ವವೊಂದನ್ನು ಪ್ರಚೋದಿಸಿ, ಆ ಕಿಣ್ವವು ಚಕ್ರೀಯ ಎಎಂಪಿ ಎಂಬ ಕಿರಿಯ ಅಣುಗಳನ್ನು ಹೇರಳವಾಗಿ ನಿರ್ಮಿಸಿ, ಅವುಗಳಿಂದ ಚುರುಕುಗೊಂಡ ಕೈನೇಸುಗಳು ಒಂದಾದಮೇಲೊಂದು ಪ್ರೋಟೀನಿಗೆ ಫಾಸ್ಫೇಟನ್ನು ಸೇರಿಸುತ್ತ ಹೋಗಿ, ಕಡೆಗೆ ಕೂಡಿಟ್ಟ ಗ್ಲೈಕೋಜನ್ನು ಒಡೆದು ಸಕ್ಕರೆಯಾಗುತ್ತದೆ. ಚಕ್ರೀಯ ಎಎಂಪಿಯೆಂಬ ಈ ‘ಎರಡನೆಯ ದೂತ’ನನ್ನು ಗುರುತಿಸಿದ ಅರ್ಲ್ ಸದರ್ಲೆಂಡರಿಗೆ 1971ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು.

ಕನ್ನಡದಲ್ಲಿ ನಿರ್ನಾಳ ಗ್ರಂಥಿಯೆಂಬ ಸೊಗಸಾದ ಸಮಾಸವು ನೆಲೆಗೊಂಡರೂ ಅದರ ಸ್ರಾವಕ್ಕೆ ಗ್ರೀಕ್ ಹೆಸರೇ, ಉಕಾರಾಂತವಾಗಿ, ಉಳಿದುಕೊಂಡಿತು. ಹರೆಯದ ಚಾಪಲ್ಯವನ್ನೆಲ್ಲ ‘ಹಾರ್ಮೋನಿನ ಆಟ’ವೆಂದು ತಳ್ಳಿಹಾಕುವ ಈಚಿನ ರೂಢಿ ಮಾತ್ರ ಶಾಸ್ತ್ರಕ್ಕೆ ತುಸು ಅನ್ಯಾಯವೇ ಸರಿ: ತಕ್ಕ ಗ್ರಾಹಕವಿಲ್ಲದ ಕೋಶಕ್ಕೆ, ರಕ್ತದಲ್ಲಿ ಎಷ್ಟು ಹಾರ್ಮೋನು ಹರಿದರೂ, ಅದರ ಸುದ್ದಿಯೇ ಮುಟ್ಟದು.