ಹುಲ್ಲು ಕತ್ತರಿಸುವ ಯಂತ್ರ ಮತ್ತು ಮಕ್ಕಳ ಪಾದ
ಹುಲ್ಲು ಕತ್ತರಿಸುವ ಯಂತ್ರಕ್ಕೆ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ 1830ರಲ್ಲಿ ಪೇಟೆಂಟ್ ಪಡೆದ. ಆದರೆ ಮಕ್ಕಳ ಕಾಲಿಗೆ ನಿಜವಾದ ಕಂಟಕವಾದದ್ದು ಎರಡನೇ ಮಹಾಯುದ್ಧದ ನಂತರ ಅಮೆರಿಕದ ಮನೆಯಂಗಳಗಳಲ್ಲಿ ಹರಡಿದ ಮೋಟಾರು ಯಂತ್ರ. ಅದರ ಅಲಗು ಚರ್ಮ, ಸ್ನಾಯು, ಮೂಳೆಗಳನ್ನು ಒಟ್ಟಿಗೇ ಸೀಳಿ ಜಜ್ಜುತ್ತದೆ. ಮಣ್ಣು, ಹುಲ್ಲು, ಬೂಟಿನ ಚೂರುಗಳು ಗಾಯದ ಆಳಕ್ಕೆ ಇಳಿಯುತ್ತವೆ. ಇಂಥ ಗಾಯವನ್ನು ಕೂಡಲೇ ಹೊಲಿದು ಮುಚ್ಚಬಾರದೆಂಬುದು ಮೊದಲ ಮಹಾಯುದ್ಧದ ರಣರಂಗ ಕಲಿಸಿದ ಪಾಠ. ಈಗ ಮತ್ತೆ ಮತ್ತೆ ತೊಳೆದು, ಸತ್ತ ಭಾಗ ತೆಗೆದು, ಆಂಟಿಬಯಾಟಿಕ್ ಕೊಟ್ಟು, ಗಾಯ ಶುದ್ಧವಾದ ಮೇಲಷ್ಟೇ ಚರ್ಮದ ಕಸಿ. ಪಾದ ತೆಗೆಯಲೇಬೇಕಾದರೆ ಸಾಧ್ಯವಾದಷ್ಟೂ ಕೀಲಿನಲ್ಲೇ ತೆಗೆಯುತ್ತಾರೆ. ಮೂಳೆಯ ನಡುವೆ ಕತ್ತರಿಸಿದರೆ, ಬೆಳೆಯುವ ಮಗುವಿನಲ್ಲಿ ಅದರ ತುದಿ ಚರ್ಮವನ್ನು ಒತ್ತುತ್ತಾ ಚಾಚಿಕೊಳ್ಳುತ್ತದೆ. ಇಂಥ ಗಾಯಗಳನ್ನು ತಡೆಯಲು, ಯಂತ್ರದ ಹಿಡಿ ಬಿಟ್ಟ 3 ಸೆಕೆಂಡಿನೊಳಗೆ ಅಲಗು ನಿಲ್ಲಬೇಕೆಂಬ ಅಮೆರಿಕದ ನಿಯಮ 1982ರಲ್ಲಿ ಬಂತು. ಆದರೆ ಅದು ನಡೆದು ತಳ್ಳುವ ಯಂತ್ರಗಳಿಗೆ ಮಾತ್ರ. ಎಳೆಯ ಮಕ್ಕಳ ಘೋರ ಗಾಯಗಳಿಗೆ ಹೆಚ್ಚಾಗಿ ಕಾರಣವಾಗುವುದು ಕೂತು ಓಡಿಸುವ ಯಂತ್ರ, ಅದೂ ಹಿಂದಕ್ಕೆ ಸರಿಯುವಾಗ.