ಮೈಸೂರಿನ ಆನೆಲಾಯದಿಂದ ಹಾಲಿವುಡ್ಡಿಗೆ: ನಟ ಸಾಬು

ಎಲ್ಲೋರದ ಕೈಲಾಸ ದೇವಾಲಯದ ಮುಂದೆ ನಿಂತು, ಊರಿನಿಂದ ಬಂದ ಬಂಧುಗಳಿಗೆ ರಾಷ್ಟ್ರಕೂಟ ಕೃಷ್ಣನ ಹೆಸರನ್ನು ಹೇಳುವುದು ನಾಸಿಕ ಹಾಗೂ ಛತ್ರಪತಿ ಸಂಭಾಜಿನಗರಗಳಲ್ಲಿ ನೆಲೆಸಿರುವ ಕನ್ನಡಿಗರಾದ ನಮಗೆ ರೂಢಿಯಾಗಿದೆ. ತ್ರ್ಯಂಬಕೇಶ್ವರಕ್ಕೆ ಕರೆದೊಯ್ದಾಗ, ಭಾರತೀಯ ಚಿತ್ರರಂಗದ ಪಿತಾಮಹ ದಾದಾಸಾಹೇಬ್ ಫಾಲ್ಕೆಯವರು 1870ರಲ್ಲಿ ಜನಿಸಿದ್ದು ಇಲ್ಲಿಯೇ ಎಂದೂ ಸೇರಿಸುತ್ತೇವೆ. ಆದರೆ ಹಾಲಿವುಡ್ಡಿನಲ್ಲಿ ತಾರೆಯಾಗಿ ಮೆರೆದ ಮೊದಲ ಭಾರತೀಯ ನಮ್ಮ ಮೈಸೂರು ಸೀಮೆಯವನೆಂಬ ಮಾತು ನಮ್ಮ ಮನೆಗಳಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ.

ಸಾಬು ಜನಿಸಿದ್ದು 1924ರ ಜನವರಿ 27ರಂದು, ಕಪಿಲಾ ನದಿಯ ದಡದ ಕಾಡಿಗೆ ಹೊಂದಿಕೊಂಡ ಕಾರಾಪುರದಲ್ಲಿ. ತಂದೆ ಮೈಸೂರು ಮಹಾರಾಜರ ಸೇವೆಯಲ್ಲಿದ್ದ ಮಾವುತ. ತಂದೆತಾಯಿಗಳಿಬ್ಬರನ್ನೂ ಬಾಲ್ಯದಲ್ಲೇ ಕಳೆದುಕೊಂಡ ಹುಡುಗ ಅರಮನೆಯ ಆನೆಲಾಯದ ಆಶ್ರಯದಲ್ಲಿ ಬೆಳೆದ. ಹೆಸರಿನ ವಿಷಯದಲ್ಲಿ ಒಂದು ತೊಡಕಿದೆ. ಬಹುತೇಕ ಗ್ರಂಥಗಳು 'ಸಾಬು ದಸ್ತಗೀರ್' ಎಂದು ದಾಖಲಿಸಿವೆ. ಆದರೆ ದಸ್ತಗೀರ್ ಎಂಬುದು ಅವರ ಅಣ್ಣನ ಹೆಸರು, ಇವರ ನಿಜನಾಮ ಸೇಲಾರ್ ಸಾಬು ಎಂದು ಲೇಖಕ ಫಿಲಿಪ್ ಲೈಬ್‌ಫ್ರೀಡ್ ಅಭಿಪ್ರಾಯಪಟ್ಟಿದ್ದಾರೆ. ಖಾತೆಯ ಅರ್ಜಿಯಲ್ಲಿ ಒಂದಕ್ಷರ ವ್ಯತ್ಯಾಸವಾದರೂ ಅಫಿಡವಿಟ್ ಕೇಳುವ ವೃತ್ತಿಯಲ್ಲಿರುವ ನಮಗೆ, ಜಗತ್ಪ್ರಸಿದ್ಧನಾದವನೊಬ್ಬ ಅಣ್ಣನ ಹೆಸರಿನಲ್ಲೇ ಬಾಳಿಹೋದದ್ದು ವಿಚಿತ್ರವಾಗಿ ತೋರುತ್ತದೆ.

1935ರಲ್ಲಿ 'ನನೂಕ್ ಆಫ್ ದಿ ನಾರ್ತ್' ಖ್ಯಾತಿಯ ಸಾಕ್ಷ್ಯಚಿತ್ರಕಾರ ರಾಬರ್ಟ್ ಫ್ಲಾಹರ್ಟಿ, ಕಿಪ್ಲಿಂಗನ ಕಥೆಯೊಂದನ್ನು ಚಿತ್ರವಾಗಿಸಲು ಮೈಸೂರಿಗೆ ಬಂದರು. ನಾಲ್ವಡಿ ಕೃಷ್ಣರಾಜ ಒಡೆಯರ ರಾಜ್ಯವು ಆನೆಗಳನ್ನೂ ಕಾಡನ್ನೂ ಒದಗಿಸಿತು. ನಾಯಕ ಬಾಲಕನನ್ನು ಅರಸುತ್ತಿದ್ದ ತಂಡದ ಛಾಯಾಗ್ರಾಹಕ ಆಸ್ಮಂಡ್ ಬೊರಡೇಲ್ ಅವರ ಕಣ್ಣಿಗೆ ಬಿದ್ದವನು ಆನೆಲಾಯದ ಈ ಹುಡುಗ. ಐರಾವತ ಎಂಬ ಭಾರೀ ಆನೆ ಅವನ ಜೊತೆಗಾರ. ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾ ಉಳಿದ ದೃಶ್ಯಗಳನ್ನು ಇಂಗ್ಲೆಂಡಿನ ಡೆನಮ್ ಸ್ಟುಡಿಯೋದಲ್ಲಿ ಚಿತ್ರೀಕರಿಸಲು ನಿರ್ಧರಿಸಿದ್ದರಿಂದ ಸಾಬು ಅಣ್ಣನೊಡನೆ ಹಡಗು ಹತ್ತಿದ. 1937ರಲ್ಲಿ ತೆರೆಕಂಡ 'ಎಲಿಫೆಂಟ್ ಬಾಯ್' ವೆನಿಸ್ ಚಿತ್ರೋತ್ಸವದಲ್ಲಿ ನಿರ್ದೇಶನಕ್ಕಾಗಿ ಪ್ರಶಸ್ತಿ ಪಡೆಯಿತು. ಮಾವುತನ ಮಗ ತನ್ನ ಹದಿಮೂರನೆಯ ವಯಸ್ಸಿಗೆ ತಾರೆಯಾಗಿದ್ದ.

ಮರುವರ್ಷದ 'ದಿ ಡ್ರಮ್' ವಾಯವ್ಯ ಗಡಿನಾಡಿನಲ್ಲಿ ಬ್ರಿಟಿಷರ ಪರವಾಗಿ ನಿಲ್ಲುವ ರಾಜಕುಮಾರನ ಕಥೆ. ಸಾಮ್ರಾಜ್ಯಶಾಹಿಯ ಸ್ತುತಿಯೆಂದು ಮುಂಬಯಿಯಲ್ಲಿ ಅದರ ವಿರುದ್ಧ ತೀವ್ರ ಪ್ರತಿಭಟನೆ ನಡೆದು, ಪ್ರದರ್ಶನವನ್ನು ನಿಲ್ಲಿಸಬೇಕಾಯಿತು. ಪ್ರತಿಭಟನೆ ನ್ಯಾಯವಾದದ್ದೇ, ಆದರೆ ಹದಿನಾಲ್ಕರ ಬಾಲಕ ಕಥೆ ಬರೆದವನಲ್ಲವಷ್ಟೆ. ಅದೇ ಕೋರ್ಡಾ ಬಳಗದಲ್ಲಿದ್ದ ಮುಂಬಯಿಯಲ್ಲಿ ಹುಟ್ಟಿದ ಮರ್ಲ್ ಓಬೆರಾನ್, ತಾನು ಟಾಸ್ಮೇನಿಯಾದವಳೆಂದು ಹೇಳಿಕೊಂಡು ಭಾರತೀಯ ಮೂಲವನ್ನು ಜೀವನಪರ್ಯಂತ ಮುಚ್ಚಿಟ್ಟರು. ಸಾಬುವಿಗೆ ಆ ದಾರಿ ಇರಲಿಲ್ಲ. ಆತನ ಮೈಬಣ್ಣವೇ ಆತನ ಬಂಡವಾಳವೂ ಬೇಲಿಯೂ ಆಗಿತ್ತು.

'ದಿ ಥೀಫ್ ಆಫ್ ಬಾಗ್ದಾದ್' (1940) ಅವರ ಶ್ರೇಷ್ಠ ಚಿತ್ರವೆಂಬುದು ನಮ್ಮ ಎಣಿಕೆ. ಯುದ್ಧದ ಕಾರಣ ಇಂಗ್ಲೆಂಡಿನಲ್ಲಿ ಅರ್ಧಕ್ಕೆ ನಿಂತು ಅಮೆರಿಕದಲ್ಲಿ ಪೂರ್ಣಗೊಂಡ ಈ ಚಿತ್ರಕ್ಕೆ ಮೂರು ಆಸ್ಕರ್‌ಗಳು ಸಂದವು. ಸೀಸೆಯಿಂದ ಹೊರಬಂದ ಭೂತದೊಡನೆ ಉಪಾಯದಿಂದ ವ್ಯವಹರಿಸುವ ಕಳ್ಳಹುಡುಗ ಅಬುವಿನ ಪಾತ್ರದಲ್ಲಿ ಸಾಬುವಿನ ನಗು ಇಂದಿಗೂ ಮಾಸಿಲ್ಲ. 1942ರ 'ಜಂಗಲ್ ಬುಕ್'ನಲ್ಲಿ ಅವರೇ ಮೋಗ್ಲಿ. ಆಮೇಲೆ ಯೂನಿವರ್ಸಲ್ ಸಂಸ್ಥೆಗಾಗಿ ಮಾರಿಯಾ ಮಾಂಟೆಜ್, ಜಾನ್ ಹಾಲ್ ಜೊತೆಗೆ 'ಅರೇಬಿಯನ್ ನೈಟ್ಸ್', 'ಕೋಬ್ರಾ ವುಮನ್' ಮುಂತಾದ ವರ್ಣರಂಜಿತ ಚಿತ್ರಗಳು.

ಭಾರತೀಯರಿಗೆ ಅಮೆರಿಕದ ಪೌರತ್ವದ ಬಾಗಿಲು ಸಾಮಾನ್ಯವಾಗಿ ತೆರೆದದ್ದು 1946ರ ಕಾನೂನಿನಿಂದ. ಸಾಬು 1944ರಲ್ಲೇ ಪೌರರಾಗಿ ಅಲ್ಲಿನ ವಾಯುಸೇನೆ ಸೇರಿದರು. ಬಿ-24 ಬಾಂಬರ್ ವಿಮಾನಗಳಲ್ಲಿ ಗನ್ನರ್ ಆಗಿ ಪೆಸಿಫಿಕ್ ರಣರಂಗದ ಮೇಲೆ ಹಾರಿ, 'ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್' ಪದಕ ಗಳಿಸಿದರು.

ಮರಳಿದಾಗ ಅವರು ಬಾಲಕರಾಗಿರಲಿಲ್ಲ. ಪಾತ್ರಗಳು ಮಾತ್ರ ಬೆಳೆದಿರಲಿಲ್ಲ. 'ಬ್ಲ್ಯಾಕ್ ನಾರ್ಸಿಸಸ್' (1947) ಒಂದು ಅಪವಾದ: ಕಾಡಿಲ್ಲ, ಆನೆಯಿಲ್ಲ, ರೇಷ್ಮೆ ತೊಟ್ಟು ಅತ್ತರು ಪೂಸಿಕೊಂಡ ಯುವ ಜನರಲ್ ಆಗಿ ಅವರು ಸೊಗಸಾಗಿ ನಟಿಸಿದ್ದಾರೆ. ಆ ಅತ್ತರಿನ ಹೆಸರೇ ಚಿತ್ರದ ಹೆಸರು. ಅನಂತರ ಮತ್ತೆ 'ಮ್ಯಾನ್-ಈಟರ್ ಆಫ್ ಕುಮಾಂವ್', 'ಸಾಂಗ್ ಆಫ್ ಇಂಡಿಯಾ'. 1948ರಲ್ಲಿ ನಟಿ ಮರ್ಲಿನ್ ಕೂಪರ್ ಅವರನ್ನು ವಿವಾಹವಾದರು, ಇಬ್ಬರು ಮಕ್ಕಳು. ಅವಕಾಶಗಳು ಕ್ಷೀಣಿಸಿದಾಗ, 1950ರ ದಶಕದ ಆರಂಭದಲ್ಲಿ ಲಂಡನ್ನಿನ ಹ್ಯಾರಿಂಗೇ ಸರ್ಕಸ್ಸಿನಲ್ಲಿ ಆನೆಗಳೊಂದಿಗೆ ಪ್ರದರ್ಶನ ನೀಡಿದ್ದುಂಟು.

ತಾಯ್ನಾಡಿನ ಚಿತ್ರವೊಂದರಲ್ಲಿ ನಟಿಸುವ ಯೋಗ ಕೈಗೆ ಬಂದು ತಪ್ಪಿತು. ಮೆಹಬೂಬ್ ಖಾನ್ ಅವರು 'ಮದರ್ ಇಂಡಿಯಾ'ದ ಬಿರ್ಜು ಪಾತ್ರಕ್ಕೆ ಮೊದಲು ಆಲೋಚಿಸಿದ್ದು ಸಾಬುವನ್ನೇ. ಅವರು ಮುಂಬಯಿಗೂ ಬಂದಿದ್ದರು. ಆದರೆ ಮಾತು ಕೈಗೂಡಲಿಲ್ಲ. 1957ರಲ್ಲಿ ತೆರೆಕಂಡ ಚಿತ್ರದಲ್ಲಿ ಬಿರ್ಜು ಆದವರು ಸುನಿಲ್ ದತ್. ಹಾಲಿವುಡ್ ಬರೆದ ಭಾರತೀಯನನ್ನೇ ಇಡೀ ಜೀವನ ಅಭಿನಯಿಸಿದವರಿಗೆ, ಭಾರತೀಯರು ಬರೆದ ಒಂದು ಪಾತ್ರವೂ ದಕ್ಕಲಿಲ್ಲವೆಂಬುದನ್ನು ನೆನೆದಾಗ ನಮಗೆ ನಿಜವಾಗಿಯೂ ವ್ಯಸನವಾಗುತ್ತದೆ.

1960ರಲ್ಲಿ, ಜೊತೆಯಲ್ಲೇ ಹಡಗು ಹತ್ತಿದ್ದ ಅಣ್ಣ ದರೋಡೆಯೊಂದರಲ್ಲಿ ಕೊಲೆಯಾದರು. 1963ರ ಡಿಸೆಂಬರ್ 2ರಂದು ಲಾಸ್ ಏಂಜಲೀಸ್ ಬಳಿಯ ಚಾಟ್ಸ್‌ವರ್ತ್‌ನಲ್ಲಿ ಸಾಬು ಹೃದಯಾಘಾತದಿಂದ ನಿಧನರಾದರು, ವಯಸ್ಸು ಮೂವತ್ತೊಂಬತ್ತು. ಕೊನೆಯ ಚಿತ್ರ, ಡಿಸ್ನಿಯವರ 'ಎ ಟೈಗರ್ ವಾಕ್ಸ್', ಮರುವರ್ಷ ಬಿಡುಗಡೆಯಾಯಿತು. ಅದರಲ್ಲಿ ಅವರದು ಹುಲಿ ಪಳಗಿಸುವ ಭಾರತೀಯನ ಪಾತ್ರ.