ಎಣ್ಣೆಯ ಪೀಪಾಯಿಯಲ್ಲಿ ಸಪ್ತಸ್ವರ

ಭರತಮುನಿಯು ವಾದ್ಯಗಳನ್ನು ತತ, ಸುಷಿರ, ಅವನದ್ಧ, ಘನ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿರುವನೆಂಬುದು ವಾಚಕ ಮಹಾಶಯರಿಗೆ ವಿದಿತವೇ ಆಗಿದೆ. ಇವುಗಳಲ್ಲಿ ಘನವಾದ್ಯಕ್ಕೆ, ಎಂದರೆ ಕಂಚಿನ ತಾಳ, ಗಂಟೆ ಮೊದಲಾದುವಕ್ಕೆ, ಬಹುಮಟ್ಟಿಗೆ ಲಯವನ್ನು ಕಾಯುವುದೇ ಕೆಲಸವು. ರಾಗವನ್ನು ನುಡಿಸುವ ಭಾರವು ವೀಣೆ ವೇಣುಗಳದು. ಕಸವೆಂದು ಎಸೆದ ಲೋಹವೊಂದು ಕಳೆದ ಶತಮಾನದಲ್ಲಿ ಈ ಮೇರೆಯನ್ನು ದಾಟಿ ಸ್ವರಗಳನ್ನು ನುಡಿದ ವೃತ್ತಾಂತವನ್ನು ಇಲ್ಲಿ ನಿವೇದಿಸುವೆನು.

ವೆಸ್ಟ್ ಇಂಡೀಸಿನ ಟ್ರಿನಿಡಾಡ್ ದ್ವೀಪಕ್ಕೆ ಆಫ್ರಿಕದ ಜನರನ್ನು ಗುಲಾಮರನ್ನಾಗಿ ತಂದಿದ್ದರು. 1838ರಲ್ಲಿ ಅವರಿಗೆ ಪೂರ್ಣ ಬಿಡುಗಡೆಯಾಯಿತು. ಅವರ ಮದ್ದಳೆಗೆ ಆಗಲಿಲ್ಲ. ಉತ್ಸವಕಾಲದ ಗಲಭೆಗಳಿಗೆ ಅಂಜಿದ ಬ್ರಿಟಿಷ್ ಸರ್ಕಾರವು 1884ರಲ್ಲಿ ಮದ್ದಳೆ ಬಾರಿಸುವುದನ್ನು ಶಾಸನದಿಂದ ನಿರ್ಬಂಧಿಸಿತು. ಜನರು ಬಿದಿರಿನ ಕೊಳವೆಗಳನ್ನು ನೆಲಕ್ಕೆ ಕುಟ್ಟಿ ಲಯವನ್ನು ಉಳಿಸಿಕೊಂಡರು. 1930ರ ದಶಕದಲ್ಲಿ ಪೋರ್ಟ್ ಆಫ್ ಸ್ಪೇನ್ ನಗರದ ಬಡ ಕೇರಿಗಳ ಹುಡುಗರು ಬಿಸ್ಕತ್ತಿನ ಡಬ್ಬ, ಬಣ್ಣದ ಡಬ್ಬ, ಕಸದ ತೊಟ್ಟಿಯ ಮುಚ್ಚಳಗಳನ್ನು ಹಿಡಿದರು. ಬಡಿದು ಬಡಿದು ತಗ್ಗಿದ ಕಡೆ ಒಂದು ಸ್ವರ, ಉಬ್ಬಿದ ಕಡೆ ಇನ್ನೊಂದು ಸ್ವರ ಹೊರಡುವುದು ಅವರ ಕಿವಿಗೆ ಬಿದ್ದಿತು.

ಎಲಿ ಮ್ಯಾನೆಟ್ ಎಂಬಾತನು 1927ರಲ್ಲಿ ಹುಟ್ಟಿದವನು. ಯಂತ್ರಶಾಲೆಯ ಕೆಲಸವನ್ನು ಬಲ್ಲವನು. ಮಹಾಯುದ್ಧವು ಮುಗಿದ ಮೇಲೆ, 1946ರಲ್ಲಿ, 55 ಗ್ಯಾಲನ್ನಿನ ಬರಿದಾದ ಎಣ್ಣೆಯ ಪೀಪಾಯಿಯನ್ನು ಆತನು ಕೈಗೆತ್ತಿಕೊಂಡನು. ಅದಕ್ಕೆ ಮೊದಲು ಡಬ್ಬದ ಮುಖವನ್ನು ಹೊರಕ್ಕೆ ಉಬ್ಬಿಸುತ್ತಿದ್ದರು. ಈತನು ಅದನ್ನು ಬಟ್ಟಲಿನಂತೆ ಒಳಕ್ಕೆ ತಗ್ಗಿಸಿದನು. ಇದರಿಂದ ಹೆಚ್ಚು ಸ್ವರಗಳಿಗೆ ಎಡೆಯಾಯಿತು. ಈ ವಾದ್ಯದಲ್ಲಿ ಪ್ರತಿ ಸ್ವರಕ್ಕೂ ಪ್ರತ್ಯೇಕವಾದ ನೆಲೆಯುಂಟು. ದೊಡ್ಡ ನೆಲೆಯು ಮಂದ್ರವನ್ನೂ ಚಿಕ್ಕದು ತಾರವನ್ನೂ ನುಡಿಯುವುದು. ಲೋಹವನ್ನು ಕಾಯಿಸಿ, ಆರಿಸಿ, ಸುತ್ತಿಗೆಯಿಂದ ಮೆಲ್ಲಮೆಲ್ಲನೆ ತಟ್ಟಿ ಶ್ರುತಿಗೂಡಿಸುವರು. ಕಡ್ಡಿಯ ತುದಿಗೆ ರಬ್ಬರು ಸುತ್ತಿ ಬಾರಿಸಿದರೆ ಕರ್ಕಶವಡಗಿ ನಾದವು ಇನಿದಾಗುವುದು.

ಆದರೂ ಪಟ್ಟವನ್ನು ಈತನೊಬ್ಬನಿಗೇ ಕಟ್ಟುವುದು ನ್ಯಾಯವಲ್ಲ. ಡಬ್ಬದ ಮೇಲೆ ಮೊದಲು ಹಾಡನ್ನು ನುಡಿಸಿದ ಕೀರ್ತಿಯು ವಿನ್‌ಸ್ಟನ್ ಸೈಮನ್ ಎಂಬ ಮತ್ತೊಬ್ಬ ತರುಣನಿಗೆ ಸಲ್ಲಬೇಕೆಂದು ಹೇಳುವವರು ಹಲವರು. ಹೆಸರುಳಿಯದ ಹುಡುಗರು ಇನ್ನೆಷ್ಟೋ ಮಂದಿ. ಒಂದು ಕೇರಿಯ ಯುಕ್ತಿಯನ್ನು ಇನ್ನೊಂದು ಕೇರಿಯು ಕದ್ದು ಕಲಿತು ತಿದ್ದಿದುದರಿಂದಲೇ ವಾದ್ಯವು ಬೆಳೆಯಿತು.

ಆ ಕಾಲದ ಗೌರವಸ್ಥರು ಈ ವಾದಕರನ್ನು ಪುಂಡರೆಂದು ಜರೆದರು. ಮೇಳಮೇಳಗಳಿಗೆ ಬೀದಿಯಲ್ಲಿ ಹೊಡೆದಾಟಗಳಾಗುತ್ತಿದ್ದುದರಿಂದ ಆ ಮಾತು ಪೂರ್ಣ ಸುಳ್ಳೂ ಅಲ್ಲ. ಆದರೆ 1951ರಲ್ಲಿ, ಜೋಸೆಫ್ ಗ್ರಿಫಿತ್ ಎಂಬ ಬ್ಯಾಂಡ್ ಮಾಸ್ತರರ ಶಿಕ್ಷಣದಲ್ಲಿ, ಬೇರೆ ಬೇರೆ ಮೇಳಗಳ ತರುಣರು ಒಂದುಗೂಡಿ ಲಂಡನ್ನಿನ ಬ್ರಿಟನ್ ಉತ್ಸವದಲ್ಲಿ ನುಡಿಸಿದರು. ಅವರಲ್ಲಿ ಮ್ಯಾನೆಟ್ಟನೂ ಒಬ್ಬನು. ಮದ್ದಳೆಯನ್ನು ತಡೆದವರ ರಾಜಧಾನಿಯಲ್ಲಿಯೇ ಪೀಪಾಯಿಗೆ ಮನ್ನಣೆ ದೊರಕಿತು! 1992ರಲ್ಲಿ ಸ್ವತಂತ್ರ ಟ್ರಿನಿಡಾಡ್ ಅದನ್ನು ರಾಷ್ಟ್ರವಾದ್ಯವೆಂದು ಸಾರಿತು. 2023ರಲ್ಲಿ ವಿಶ್ವಸಂಸ್ಥೆಯು ಆಗಸ್ಟ್ 11ನ್ನು ಅದರ ದಿನವಾಗಿ ಗೊತ್ತುಮಾಡಿತು. ಮ್ಯಾನೆಟ್ ಅಮೆರಿಕದಲ್ಲಿ ಬಹುಕಾಲ ಈ ವಿದ್ಯೆಯನ್ನು ಕಲಿಸಿ 2018ರಲ್ಲಿ ತೀರಿಕೊಂಡನು.

ಪಾಠದ ನಡುವೆ ಮಣೆಯ ಮೇಲೆ ಬೆರಳಿನಿಂದ ತಾಳ ಬಡಿಯುವ ಹುಡುಗರನ್ನು ನಾನು ಎಷ್ಟೋ ಸಲ ಗದರಿಸಿ ಹೊರಗೆ ನಿಲ್ಲಿಸಿದ್ದುಂಟು. ಶಿಸ್ತಿಗಾಗಿ ಅದು ಬೇಕಾಗಿದ್ದಿರಬಹುದು. ಆದರೆ ಗದರಿಸುವ ಮೊದಲು ಅವರು ಬಡಿಯುತ್ತಿದ್ದುದೇನೆಂದು ಒಂದು ದಿನವಾದರೂ ಕಿವಿಗೊಟ್ಟು ಕೇಳಲಿಲ್ಲವಲ್ಲಾ ಎಂದು ಈಗ ಅನ್ನಿಸುತ್ತದೆ.